ಭಯಕ್ಕೆ ಮದ್ದು, ಶೇಕಡಾ ಐದು

ಕನ್ನಡದಲ್ಲಿ ಒಂದು ಒಳ್ಳೆ ಅನುಕೂಲ ಇದೆ. ಕಾಯಿಲೆ ವಾಸಿ ಮಾಡುವುದೂ ಮದ್ದು, ಫಿರಂಗಿಗೆ ತುಂಬುವುದೂ ಮದ್ದು. ಹಾಗಾಗಿ ದೇಶಗಳು ಶಸ್ತ್ರಾಸ್ತ್ರ ಉತ್ಪಾದನೆ ಹೆಚ್ಚಿಸಬೇಕೋ ಬೇಡವೋ ಅನ್ನುವ ಚರ್ಚೆ ಕೇಳಿದಾಗಲೆಲ್ಲ ನನಗೆ ಆಸ್ಪತ್ರೆ ನೆನಪಾಗುತ್ತದೆ. ಒಂದೇ ಒಂದು ವ್ಯತ್ಯಾಸ. ಡಾಕ್ಟರು ಮೊದಲು ನಾಡಿ ಹಿಡಿಯುತ್ತಾರೆ, ಆಮೇಲೆ ಬಿಲ್ಲು ಕೊಡುತ್ತಾರೆ. ಇಲ್ಲಿ ಬಿಲ್ಲು ಮೊದಲು, ಬಾಣ ಆಮೇಲೆ. ನಾಡಿಯ ವಿಷಯ ಯಾರೂ ಎತ್ತುವುದಿಲ್ಲ.

2025ರ ಜೂನ್‌ನಲ್ಲಿ ಅಮೆರಿಕ, ಯುರೋಪುಗಳ ಸೇನಾ ಕೂಟವಾದ ನೇಟೋದ ದೇಶಗಳು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಸೇರಿ ಇಂಥದ್ದೊಂದು ಚೀಟಿ ಬರೆದವು. 2035ರ ಹೊತ್ತಿಗೆ ಪ್ರತಿಯೊಂದು ದೇಶವೂ ತನ್ನ ಜಿಡಿಪಿಯ ಶೇ. 5ರಷ್ಟನ್ನು ರಕ್ಷಣೆಗೆ ಸುರಿಯಬೇಕು. ಅದರಲ್ಲಿ 3.5 ನೇರವಾಗಿ ಸೇನೆಗೆ. ಉಳಿದ 1.5 ರಕ್ಷಣೆಗೆ "ಸಂಬಂಧಪಟ್ಟ" ಬಾಬ್ತುಗಳಿಗೆ. ಈ ಸಂಬಂಧಪಟ್ಟ ಅನ್ನುವ ಮಾತು ಸ್ವಲ್ಪ ನೆನಪಿರಲಿ, ಆಮೇಲೆ ಕೆಲಸಕ್ಕೆ ಬರುತ್ತದೆ. ಸ್ಪೇನ್ ಒಂದು ಮಾತ್ರ "ನಮಗೆ ಇಷ್ಟು ಡೋಸ್ ತಡೆಯಲ್ಲ" ಅಂದಿತು. ಅಮೆರಿಕದ ಅಧ್ಯಕ್ಷರಿಗೆ ಕೋಪ ಬಂತು. ವ್ಯಾಪಾರದಲ್ಲಿ ಅದರ ಎರಡು ಪಟ್ಟು ವಸೂಲಿ ಮಾಡುತ್ತೇವೆ ಅಂತ ಗದರಿದರು. ಮಿತ್ರಕೂಟ ಅಂದರೆ ಹೀಗಿರಬೇಕು.

ಎಷ್ಟು ಟ್ಯಾಂಕು, ಎಷ್ಟು ಶೆಲ್, ಯಾವ ದೇಶದ ಪಾಲಿಗೆ ಎಷ್ಟು ಅಂತ ಕೇಳಿ ನೋಡಿ. ಅದು ರಹಸ್ಯ. ಎಷ್ಟು ದುಡ್ಡು ಅನ್ನುವುದು ಮಾತ್ರ ಬಹಿರಂಗ.

ಶೇಕಡಾ ಲೆಕ್ಕದಲ್ಲಿ ಇನ್ನೊಂದು ಸೊಗಸಿದೆ. ಶೇಕಡಾ ಏರಬೇಕಾದರೆ ಖರ್ಚೇ ಏರಬೇಕು ಅಂತಿಲ್ಲ, ಆದಾಯ ಇಳಿದರೂ ಸಾಕು. ಕಾರ್ಖಾನೆಗಳಿಗೆ ಬೀಗ ಬಿದ್ದು, ಜನ ಕೆಲಸ ಕಳೆದುಕೊಂಡು, ಜಿಡಿಪಿ ಅರ್ಧಕ್ಕೆ ಕುಸಿಯಲಿ. ಒಂದೇ ಒಂದು ಗುಂಡು ಜಾಸ್ತಿ ತಯಾರಿಸದೆ ದೇಶ ಎರಡು ಪಟ್ಟು ಭದ್ರ! ಈ ಅಳತೆಗೋಲು ಹಿಡಿದರೆ 2024ರಲ್ಲಿ ಇಡೀ ಪ್ರಪಂಚಕ್ಕೇ ಭದ್ರವಾದ ದೇಶ ಉಕ್ರೇನ್. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆಯ ಲೆಕ್ಕದಂತೆ ಆ ವರ್ಷ ಅದರ ಸೇನಾ ಖರ್ಚು ಜಿಡಿಪಿಯ ಶೇ. 34. ಅಷ್ಟು ಭದ್ರವಾದ ದೇಶದ ಜನ ಸೈರನ್ ಕೂಗಿದ ರಾತ್ರಿ ಮಕ್ಕಳನ್ನು ಎತ್ತಿಕೊಂಡು ಮೆಟ್ರೋ ಸ್ಟೇಷನ್ನಿಗೆ ಇಳಿದು, ನೆಲದ ಮೇಲೆ ಚಾಪೆ ಹಾಸಿ ಮಲಗುತ್ತಾರೆ.

ಪಟ್ಟಿಯ ಇನ್ನೊಂದು ತುದಿಯಲ್ಲಿ ಐಸ್‌ಲ್ಯಾಂಡ್ ಇದೆ. ನೇಟೋದ ಸ್ಥಾಪಕ ಸದಸ್ಯ. ಆದರೆ ಸೈನ್ಯವೇ ಇಲ್ಲ. 2008ರಿಂದ ಜಾಗತಿಕ ಶಾಂತಿ ಸೂಚ್ಯಂಕದಲ್ಲಿ ಪ್ರತಿವರ್ಷ ಅದರದೇ ಮೊದಲ ಸ್ಥಾನ. (ಅದರ ಆಕಾಶ ಕಾಯಲು ಮಿತ್ರರ ಯುದ್ಧವಿಮಾನಗಳು ಬಂದು ಹೋಗುತ್ತವೆ, ಅದನ್ನೂ ಹೇಳಬೇಕಲ್ಲ. ಪಕ್ಕದ ಮನೆಯವರ ನಾಯಿ ಚೆನ್ನಾಗಿ ಬೊಗಳಿದರೆ ನಮಗೆ ನಿದ್ದೆ ಚೆನ್ನಾಗಿ ಬರುತ್ತದೆ.)

ಹಾಗಂತ ಗುಂಡೇ ಬೇಡ ಅನ್ನುವ ಪೈಕಿ ನಾನಲ್ಲ. ಆ ಕಡೆಯವರ ಮದ್ದು ಇನ್ನೂ ಮಜವಾಗಿದೆ. ಅವರದು ಸಹಿ. 1928ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ದೊಡ್ಡ ದೇಶಗಳೆಲ್ಲ ಕೂತು, ಇನ್ನು ಮುಂದೆ ಯುದ್ಧ ಅನ್ನುವುದೇ ಬೇಡ ಅಂತ ಬರೆದು ಸಹಿ ಹಾಕಿದವು. ಸಹಿಗೆ ಚಿನ್ನದ ಪೆನ್ನು ಬೇರೆ. ಮೊದಲ ದಿನವೇ ಸಹಿ ಮಾಡಿದವರಲ್ಲಿ ಜರ್ಮನಿ, ಇಟಲಿ, ಜಪಾನ್ ಮೂವರೂ ಇದ್ದರು. ಒಪ್ಪಂದ ಮಾಡಿಸಿದ ಅಮೆರಿಕದ ವಿದೇಶಾಂಗ ಮಂತ್ರಿ ಕೆಲಾಗ್ ಸಾಹೇಬರಿಗೆ 1929ರ ಸಾಲಿನ ಶಾಂತಿ ನೊಬೆಲ್ ಸಿಕ್ಕಿತು. ಡೈನಮೈಟ್ ಮಾರಿದ ದುಡ್ಡಿನ ಬಹುಮಾನ. ಅಲ್ಲಿಂದ ಹತ್ತೇ ವರ್ಷಕ್ಕೆ ಎರಡನೇ ಮಹಾಯುದ್ಧ. ಬಾಗಿಲು ಒಡೆದು ಒಳಗೆ ಬಂದವನ ಮುಂದೆ ಒಪ್ಪಂದದ ಜೆರಾಕ್ಸ್ ಹಿಡಿದು ನಿಂತರೆ ಪ್ರಯೋಜನವಿಲ್ಲ, ಒಪ್ಪುತ್ತೇನೆ. ಗುಂಡು ಬೇಕು. ಆದರೆ ಗುಂಡು ಬೇಕು ಅನ್ನುವವರಿಗೆ ಗುಂಡು ಹೇಗೆ ತಯಾರಾಗುತ್ತದೆ ಅಂತ ಗೊತ್ತಿದೆಯಾ ಅನ್ನುವುದೇ ನನ್ನ ಅನುಮಾನ.

2023ರ ಮಾರ್ಚ್‌ನಲ್ಲಿ ಯುರೋಪಿಯನ್ ಒಕ್ಕೂಟ ಉಕ್ರೇನ್‌ಗೆ ಮಾತು ಕೊಟ್ಟಿತು, ಹನ್ನೆರಡು ತಿಂಗಳಲ್ಲಿ ಹತ್ತು ಲಕ್ಷ ಫಿರಂಗಿ ಶೆಲ್ ಕೊಡುತ್ತೇವೆ ಅಂತ. ಗಡುವು ಬಂದಾಗ ತಲುಪಿದ್ದು ಹೆಚ್ಚುಕಮ್ಮಿ ಅರ್ಧ. ಯಾಕೆ ಅಂದರೆ, ಶೆಲ್ ಅನ್ನುವುದು ಭಾಷಣದ ಹಾಗೆ ಬಾಯಿ ತೆರೆದ ಕೂಡಲೇ ಹೊರಬರುವ ವಸ್ತು ಅಲ್ಲ. ಉಕ್ಕಿನ ದಿಮ್ಮಿಯನ್ನು ಕೆಂಪಗೆ ಕಾಯಿಸಬೇಕು. ಒತ್ತಿ, ಟೊಳ್ಳು ಮಾಡಿ, ಮೂತಿ ಚೂಪು ಮಾಡಬೇಕು. ಸ್ಫೋಟಕವನ್ನು ಕರಗಿಸಿ, ಸುರಿದು, ನಿಧಾನವಾಗಿ ಆರಲು ಬಿಡಬೇಕು. ಒಳಗೆ ಗಾಳಿಗುಳ್ಳೆ, ಬಿರುಕು ಇಲ್ಲ ಅಂತ ಎಕ್ಸ್‌ರೇ ತೆಗೆದು ನೋಡಬೇಕು. ಇಷ್ಟಾದರೂ ಅದು ಸುಮ್ನೆ ಒಂದು ಭಾರದ ಸಾಮಾನು. ಹಾರಬೇಕಾದರೆ ಹಿಂದಿನಿಂದ ತಳ್ಳುವ ಮದ್ದು ಬೇಕು. ಆ ಮದ್ದಿಗೆ ಬೇಕಾದದ್ದು ಹತ್ತಿ.

ಹೌದು, ಹತ್ತಿ. ಬೀಜಕ್ಕೆ ಅಂಟಿಕೊಂಡು ಉಳಿಯುವ ಪುಟ್ಟ ಪುಟ್ಟ ನಾರು. ಅದನ್ನು ಆಸಿಡ್‌ನಲ್ಲಿ ಅದ್ದಿ ಹದ ಮಾಡಿದರೆ ಬೆಂಕಿ ತಾಗಿದ ಕ್ಷಣ ಭಗ್ಗನೆ ಉರಿಯುತ್ತದೆ. ಯುರೋಪಿಗೆ ಈ ನಾರಿನ ಬಹುಪಾಲು ಬರುವುದು ಚೀನಾದಿಂದ. ಅದೇ ಚೀನಾವನ್ನು, ರಷ್ಯಾದ ಯುದ್ಧಕ್ಕೆ ಒತ್ತಾಸೆಯಾಗಿ ನಿಂತಿದೆ ಅಂತ ಯುರೋಪು ಸಭೆ ಸಭೆಯಲ್ಲೂ ಬಯ್ಯುತ್ತದೆ. ಬೈದು ಮುಗಿಸಿ, ಹತ್ತಿಗೆ ಆರ್ಡರ್ ಹಾಕುತ್ತದೆ. "ಯಾವ ಉದ್ದೇಶಕ್ಕೆ" ಅನ್ನುವ ಕಾಲಂನಲ್ಲಿ ಏನು ಬರೆಯುತ್ತಾರೋ! ದಿಂಬು ತುಂಬಲು ಅಂತ ಇರಬಹುದು. ಅಮೆರಿಕದ್ದೂ ಇದೇ ಕಥೆ. 2022ರಲ್ಲಿ ಅದರ ಅತಿ ದುಬಾರಿ ಎಫ್-35 ಯುದ್ಧವಿಮಾನದ ಒಂದು ಅಯಸ್ಕಾಂತದಲ್ಲಿ ಚೀನಾದ ಮಿಶ್ರಲೋಹ ಸಿಕ್ಕಿ, ವಿಮಾನಗಳ ವಿತರಣೆಯನ್ನೇ ನಿಲ್ಲಿಸಿದರು. ಕೆಲವು ವಾರ ಯೋಚಿಸಿ, ಈ ಸಲಕ್ಕೆ ಮಾಫಿ ಅಂತ ಬರೆದು ಮುಂದುವರಿಸಿದರು.

ಸಂಖ್ಯೆ ಮೊದಲು, ಕಾರಣ ಆಮೇಲೆ ಅನ್ನುವುದು ಇವತ್ತಿನ ಚಾಳಿಯೂ ಅಲ್ಲ. 1909ರಲ್ಲಿ ಬ್ರಿಟನ್‌ನಲ್ಲಿ ಜರ್ಮನಿಯ ನೌಕಾಬಲದ ಭಯ ಶುರುವಾಯಿತು. ಎಷ್ಟು ಡ್ರೆಡ್‌ನಾಟ್ ಯುದ್ಧನೌಕೆ ಕಟ್ಟಬೇಕು ಅಂತ ಚರ್ಚೆ. ಬೀದಿಯಲ್ಲಿ ಜನ "ಎಂಟು ಬೇಕೇ ಬೇಕು, ಕಾದದ್ದು ಸಾಕು" ಅನ್ನುವ ಧಾಟಿಯಲ್ಲಿ ಘೋಷಣೆ ಕೂಗಿದರು. ಆಗ ಮಂತ್ರಿಯಾಗಿದ್ದ ಚರ್ಚಿಲ್ ಮುಂದೊಂದು ದಿನ ಈ ಕಥೆಯನ್ನು ಒಂದೇ ಸಾಲಿನಲ್ಲಿ ಹೇಳಿದರು: ನೌಕಾ ಇಲಾಖೆ ಆರು ಕೇಳಿತು, ಉಳಿತಾಯದವರು ನಾಲ್ಕು ಕೊಡುತ್ತೇವೆ ಅಂದರು, ಕೊನೆಗೆ ಎಂಟಕ್ಕೆ ರಾಜಿಯಾಯಿತು. ಚೌಕಾಸಿಯಲ್ಲಿ ಕೊಳ್ಳುವವನೇ ರೇಟು ಏರಿಸಿಕೊಂಡು ಹೋಗುವ ಅಂಗಡಿ ಪ್ರಪಂಚದಲ್ಲಿ ಇದೊಂದೇ.

ಅಂಗಡಿ ಅಂದರೆ ವ್ಯಾಪಾರಿಯೂ ಬೇಕಲ್ಲ. ಈ ಧಂದೆಯ ಗುರುಗಳ ಪೈಕಿ ನನಗೆ ಇಷ್ಟವಾದವನು ಬೇಸಿಲ್ ಜಹರಾಫ್. ಸ್ವೀಡನ್ನಿನ ನಾರ್ಡೆನ್‌ಫೆಲ್ಟ್ ಎಂಬ ಶಸ್ತ್ರೋದ್ಯಮಿಯ ಏಜೆಂಟ್. 1880ರ ದಶಕದಲ್ಲಿ ಇವರ ಹತ್ತಿರ ಮಾರಾಟಕ್ಕೆ ಒಂದು ಸಬ್‌ಮರೀನ್ ಇತ್ತು. ಹಬೆಯಿಂದ ಓಡುವಂಥದ್ದು. ನೀರಿನಡಿಗೆ ಇಳಿಯಬೇಕಾದರೆ ಮೊದಲು ಒಲೆ ಆರಿಸಬೇಕು. ಇಳಿದ ಮೇಲೆ ಒಳಗೆ ಬಾಯ್ಲರಿನ ಬಿಸಿ. ಸಮತೋಲನ ಎಂಥದ್ದು ಅಂದರೆ, ಒಳಗಿದ್ದವನೊಬ್ಬ ಎದ್ದು ನಾಲ್ಕು ಹೆಜ್ಜೆ ಮುಂದೆ ನಡೆದರೆ ಮೂತಿ ಕೆಳಗೆ ವಾಲುತ್ತಿತ್ತು. ಇದನ್ನು ಮೊದಲು ಗ್ರೀಸ್‌ಗೆ ಒಂದು ಮಾರಿದರು. ಪಕ್ಕದ ಟರ್ಕಿಗೆ ಭಯ ಹತ್ತಿಕೊಂಡಿತು, ಅದು ಎರಡು ತೆಗೆದುಕೊಂಡಿತು. ಕಪ್ಪು ಸಮುದ್ರದ ಆಚೆಯ ರಷ್ಯಾಕ್ಕೂ ಒಂದು ಹೊರಟಿತ್ತು, ಅದು ದಾರಿಯಲ್ಲೇ ಡೆನ್ಮಾರ್ಕ್ ಕರಾವಳಿಯಲ್ಲಿ ನೆಲ ಕಚ್ಚಿತು. ರಷ್ಯಾದವರು ದುಡ್ಡು ಕೊಡಲಿಲ್ಲ. ಇಡೀ ವ್ಯವಹಾರದಲ್ಲಿ ನಾಡಿ ಹಿಡಿದು ನೋಡಿದ ಗಿರಾಕಿ ಅವರೊಬ್ಬರೇ, ಅದೂ ಅಕಸ್ಮಾತ್ತಾಗಿ. ಉಳಿದ ಮೂರೂ ಒಂದೇ ಒಂದು ಯುದ್ಧ ನೋಡದೆ ತುಕ್ಕು ಹಿಡಿದವು. ತುಕ್ಕು ಹಿಡಿಯುವವರೆಗೂ ಎರಡೂ ದೇಶ ಸುರಕ್ಷಿತವಾಗಿದ್ದವು ಅಂತ ಜಹರಾಫ್ ಹೇಳಿರಬಹುದು. ತಪ್ಪು ಅಂತ ಸಾಧಿಸುವುದು ಹೇಗೆ?

ಈಗ ಕಾಲ ಮುಂದೆ ಹೋಗಿದೆ. 2025ರ ಸೆಪ್ಟೆಂಬರ್‌ನ ಒಂದು ರಾತ್ರಿ ಸುಮಾರು ಇಪ್ಪತ್ತು ರಷ್ಯನ್ ಡ್ರೋನ್‌ಗಳು ಪೋಲೆಂಡ್‌ಗೆ ನುಗ್ಗಿದವು. ನೇಟೋದ ಎಫ್-35ಗಳು ಗುಡುಗುತ್ತ ಮೇಲೆದ್ದು ಕೆಲವನ್ನು ಕ್ಷಿಪಣಿಯಿಂದ ಹೊಡೆದು ಬೀಳಿಸಿದವು. ಬೆಳಗ್ಗೆ ಹೊಲಗಳಲ್ಲಿ ಚೂರುಗಳನ್ನು ಹುಡುಕಿ ಎತ್ತಿದರೆ, ಪ್ಲೈವುಡ್ಡು ಮತ್ತು ಥರ್ಮಾಕೋಲ್. ಶಾಲೆಯ ಪ್ರಾಜೆಕ್ಟಿಗೆ ಮಕ್ಕಳು ಮಾಡುವ ಮಾಡೆಲ್ಲಿಗೆ ಎಂಜಿನ್ ಕಟ್ಟಿದ ಹಾಗೆ. ಅದನ್ನು ಬೀಳಿಸಿದ ಕ್ಷಿಪಣಿಗೆ ಲಕ್ಷಗಟ್ಟಲೆ ಡಾಲರ್. ಸೊಳ್ಳೆ ಹೊಡೆಯಲು ಬೆಳ್ಳಿ ಸುತ್ತಿಗೆ. ಆದರೆ ಶೇಕಡಾ ಲೆಕ್ಕದಲ್ಲಿ ಇದು ಸಾಧನೆಯೇ. ಅಗ್ಗದ ಬಲೆ ಕಟ್ಟಿ ಅದೇ ಡ್ರೋನ್ ಹಿಡಿದಿದ್ದರೆ ಐದು ತಲುಪುವುದು ಹೇಗೆ?

ಖರ್ಚಾದದ್ದು ಎಲ್ಲಿ ಹೋಯಿತು ಅಂತ ಕೇಳುವವರೂ ಇದ್ದಾರೆ, ಪಾಪ. ಅಮೆರಿಕದ ರಕ್ಷಣಾ ಇಲಾಖೆಗೆ 2018ರಲ್ಲಿ ಮೊದಲ ಸಲ ಪೂರ್ತಿ ಆಡಿಟ್ ಆಯಿತು. ಫೇಲ್. 2024ರಲ್ಲಿ ಏಳನೇ ಸಲವೂ ಫೇಲ್. ಮರುವರ್ಷ ಇಲಾಖೆಗೆ ಇನ್ನೊಂದು ಹೆಸರಿಟ್ಟು "ಯುದ್ಧ ಇಲಾಖೆ" ಅಂತ ಬೋರ್ಡು ಹಾಕಿದರು. ಪರೀಕ್ಷೆ ಕಟ್ಟುವ ಹುಡುಗ ಬೇರೆ ಹೆಸರಿನಲ್ಲಿ ಕೂತರೆ ಪಾಸಾಗಬಹುದು ಅನ್ನುವ ಆಸೆ ಇರಬೇಕು.

ಈಗ ಆ ಸಂಬಂಧಪಟ್ಟ 1.5ಕ್ಕೆ ಬರೋಣ. ಇಟಲಿಯವರಿಗೆ ಬಹಳ ವರ್ಷಗಳಿಂದ ಒಂದು ಕನಸಿದೆ. ಮುಖ್ಯ ನೆಲದಿಂದ ಸಿಸಿಲಿ ದ್ವೀಪಕ್ಕೆ, ಮೆಸ್ಸೀನಾ ಜಲಸಂಧಿಯ ಮೇಲೆ, ತೂಗುಸೇತುವೆ. ಖರ್ಚು 1350 ಕೋಟಿ ಯೂರೋ. ದುಡ್ಡೆಲ್ಲಿಂದ ತರುವುದು ಅಂತ ಯೋಚಿಸುತ್ತಿದ್ದವರಿಗೆ ಹೇಗ್‌ನ ಚೀಟಿ ಕಣ್ಣಿಗೆ ಬಿತ್ತು. ಸೇತುವೆ ಮೇಲೆ ಸೈನ್ಯ ದಾಟಬಹುದು ಅಲ್ವಾ? ಹಾಗಾದರೆ ಅದೂ ರಕ್ಷಣೆಯೇ ಅಂತ ಹೇಳಿ ನೋಡಿದರು. ನೇಟೋದಲ್ಲಿರುವ ಅಮೆರಿಕದ ರಾಯಭಾರಿ ಮುಖ ಗಂಟಿಕ್ಕಿದರು. 2025ರ ಅಕ್ಟೋಬರ್‌ನಲ್ಲಿ ಇಟಲಿಯ ಲೆಕ್ಕ ತಪಾಸಣೆ ನ್ಯಾಯಾಲಯವೂ ಯೋಜನೆಗೆ ಅಡ್ಡ ಬಂತು.

ನನಗೆ ಕೇಳಿದರೆ ವಾದ ಮಂಡಿಸಿದ್ದು ಸರಿಯಾಗಲಿಲ್ಲ. ಯುದ್ಧ ಶುರುವಾದರೆ ಶತ್ರು ಮೊದಲು ಹೊಡೆಯುವುದು ಸೇತುವೆಯನ್ನೇ. ಅಷ್ಟು ದೊಡ್ಡ ಸೇತುವೆ ಕಟ್ಟಿದ ಮೇಲೆ ಅದನ್ನು ಕಾಯದೆ ಇರಲಾಗುತ್ತದೆಯೇ? ಎರಡೂ ದಡದಲ್ಲಿ ಕ್ಷಿಪಣಿ ನಿಲ್ಲಿಸಬೇಕು. ಸೇತುವೆ 1.5ರ ಬಾಬ್ತಿಗೆ. ಅದನ್ನು ಕಾಯುವ ಕ್ಷಿಪಣಿ 3.5ರ ಬಾಬ್ತಿಗೆ. ಕೂಡಿ ನೋಡಿ.