ಸಹಿ ಹಾಕಿಸುವ ಮೊದಲು ಅವಳ ಪಾಲು ಎಷ್ಟು ಅಂತ ಹೇಳಿ

ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಮಾತು ಬಂದಾಗಲೆಲ್ಲ "2005ರಲ್ಲೇ ಕಾನೂನು ಬಂತಲ್ಲ, ಇನ್ನೇನು ಬೇಕು?" ಅನ್ನುವವರು ಸಿಗುತ್ತಾರೆ. ಬಂತು, ನಿಜ. ಎಷ್ಟು ತಡವಾಗಿ, ಎಷ್ಟು ತುಂಡುತುಂಡಾಗಿ ಬಂತು ಅನ್ನೋದನ್ನೂ ನೋಡಬೇಕು ಅಲ್ವಾ?

ಮೈಸೂರು ಸಂಸ್ಥಾನ 1933ರಲ್ಲೇ ಕಾಯ್ದೆ ಮಾಡಿ, ಆಸ್ತಿ ಪಾಲಾಗುವಾಗ ಮದುವೆಯಾಗದ ಹೆಣ್ಣುಮಕ್ಕಳಿಗೂ ಕೊಡಬೇಕು ಅಂದಿತ್ತು, ಗಂಡುಮಕ್ಕಳಿಗಿಂತ ಕಮ್ಮಿಯಾದರೂ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೂ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡಿಗೇ ಉಳಿಯಿತು. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು ಮಗಳಿಗೂ ಆ ಹಕ್ಕು ಸಿಕ್ಕಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಇಲ್ಲ. ಒಂದೇ ಮನೆ, ಒಬ್ಬನೇ ಅಪ್ಪ. ಆ ವರ್ಷ ಮೇ ತಿಂಗಳಲ್ಲಿ ಮದುವೆಯಾದ ಅಕ್ಕನಿಗೆ ಹುಟ್ಟಿನ ಹಕ್ಕೇ ಇಲ್ಲ, ಮದುವೆಯಾಗದ ತಂಗಿಗೆ ಸಮಪಾಲು. ಇದು ಯಾವ ನ್ಯಾಯ?

2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಈ ಭೇದ ತೆಗೆಯಿತು. ಆ ದಿನಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೆ? ಅಪ್ಪ ಬದುಕಿರಲೇಬೇಕು ಅಂತ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. 2018ರಲ್ಲಿ ಅದೇ ಕೋರ್ಟ್, 2001ರಲ್ಲಿ ತೀರಿಕೊಂಡ ಅಪ್ಪನ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಎರಡೂ ಕರ್ನಾಟಕದಿಂದಲೇ ಹೋದ ಕೇಸುಗಳು. ಗೊಂದಲ ಬಗೆಹರಿದದ್ದು 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನಲ್ಲಿ: ಹಕ್ಕು ಹುಟ್ಟಿನಿಂದ ಬರುತ್ತದೆ, ಅಪ್ಪ ಅಂದು ಬದುಕಿರಬೇಕಿಲ್ಲ. "ಬಾಯಿಮಾತಲ್ಲೇ ಪಾಲಾಗಿತ್ತು" ಅಂತ ಸುಮ್ನೆ ಹೇಳಿ ಜಾರಿಕೊಳ್ಳುವುದನ್ನೂ ಕೋರ್ಟ್ ಕಷ್ಟ ಮಾಡಿತು.

ಇದೆಲ್ಲ ತಾನಾಗಿ ಆದದ್ದಲ್ಲ. "ತವರಿನ ಮೇಲೇ ಕೇಸು ಹಾಕಿದವಳು" ಅನ್ನಿಸಿಕೊಂಡು ವರ್ಷಗಟ್ಟಲೆ ಕೋರ್ಟಿಗೆ ಅಲೆದ ಹೆಣ್ಣುಮಕ್ಕಳು ಕಾನೂನನ್ನು ಇಲ್ಲಿಯವರೆಗೆ ತಂದಿದ್ದಾರೆ. ಅವರ ಬಗ್ಗೆ ನನಗೆ ತುಂಬಾ ಗೌರವವಿದೆ.

ಈಗ ಅದೇ ಹಕ್ಕನ್ನು ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡು ವಾಪಸ್ ಪಡೆಯಲಾಗುತ್ತಿದೆ. ಅಪ್ಪನ ತಿಥಿ ಮುಗಿದ ಮೇಲೆ ಅಣ್ಣ ಫೋನ್ ಮಾಡುತ್ತಾನೆ: "ಖಾತೆ ಮಾಡಿಸ್ಬೇಕು, ಒಂದ್ ಸಹಿ ಬೇಕಿತ್ತು." ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಒಂದು ಸೀರೆ. ಪತ್ರದಲ್ಲಿ "ಸ್ವಇಚ್ಛೆಯಿಂದ" ಅಂತ ಬರೆದಿರುತ್ತದೆ. ಹೆಬ್ಬೆಟ್ಟು ಒತ್ತಿದರೆ ಮುಗೀತು. ಎಷ್ಟು ಗುಂಟೆ ಬಿಟ್ಟುಕೊಟ್ಟೆ ಅನ್ನೋದು ಎಷ್ಟೋ ಸಲ ಅವಳಿಗೇ ಗೊತ್ತಿರಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಅನ್ನೋ ಭಯ ಬೇರೆ.

ಮನಸಾರೆ ಬಿಟ್ಟುಕೊಡುವವರು ಬಿಟ್ಟುಕೊಡಲಿ, ಅದು ಅವರಿಷ್ಟ. ಆದರೆ ಕಾನೂನು ಇನ್ನೊಂದು ಹೆಜ್ಜೆ ಇಡಲೇಬೇಕು. ಅವಳ ಪಾಲಿನ ಅಳತೆ, ಸರ್ಕಾರ ಗೊತ್ತುಮಾಡಿದ ಇವತ್ತಿನ ಮಾರ್ಗಸೂಚಿ ಬೆಲೆ ಪತ್ರದಲ್ಲಿ ಕಡ್ಡಾಯವಾಗಿ ಇರಬೇಕು. ಸಬ್ ರಿಜಿಸ್ಟ್ರಾರ್ ಅವಳೊಬ್ಬಳನ್ನೇ ಕೂರಿಸಿ ಅದನ್ನು ಓದಿ ಹೇಳಬೇಕು. ಮೂರು ತಿಂಗಳೊಳಗೆ ಮನಸ್ಸು ಬದಲಾಯಿಸಿದರೆ ಪತ್ರ ರದ್ದಾಗಬೇಕು.