ವೈನಿಯ ಚೀಲದಲ್ಲಿ ಅಣ್ಣನ ರಿಪೋರ್ಟ್ ಇಲ್ಲ

ಈ ಸಲ ವಿಜಯಪುರಕ್ಕೆ ಬಂದಾಗ ವೈನಿ ತಮ್ಮ ಆಸ್ಪತ್ರೆ ಕಾಗದಗಳನ್ನೆಲ್ಲ ತಂದು ನನ್ನ ಮುಂದೆ ಇಟ್ಟರು. ಕಾಕಾನ ಮಗನ ಹೆಂಡತಿ ಅವರು. ಮದುವೆಯಾಗಿ ಆರು ವರ್ಷ, ಇನ್ನೂ ಮಕ್ಕಳಾಗಿಲ್ಲ. "ನೀವು ಅಲ್ಲೆ ಇಂಗ್ಲೆಂಡಿನ್ಯಾಗ ತೋರ್ಸ್ಕೊಂಡೀರಲ್ಲ, ಒಂಚೂರು ನೋಡ್ರಿ" ಅಂದರು. ಸೀರೆ ಅಂಗಡಿಯ ಚೀಲ ತುಂಬಾ ಕಾಗದ. ವಿಜಯಪುರದವು, ಸೋಲಾಪುರದವು, ಮೀರಜಿನವು. ಥೈರಾಯ್ಡ್, ಅಂಡ ಎಷ್ಟು ಉಳಿದಿವೆ ಅಂತ ಅಂದಾಜು ಮಾಡುವ ಎಎಂಎಚ್, ಲೆಕ್ಕವಿಲ್ಲದಷ್ಟು ಸ್ಕ್ಯಾನಿಂಗ್, ಗರ್ಭನಳಿಕೆಗೆ ಬಣ್ಣ ಬಿಟ್ಟು ತೆಗೆದ ಎಕ್ಸ್‌ರೇ. ಅಂಡ ಬೆಳೆಯಲೆಂದು ಬರೆದುಕೊಟ್ಟ ಲೆಟ್ರೋಜೋಲ್ ಚೀಟಿಗಳದ್ದೇ ಒಂದು ಕಟ್ಟು. ಎಲ್ಲದರ ಮೇಲೂ ವೈನಿಯ ಹೆಸರು. ಅಣ್ಣನ ಹೆಸರಿನ ಒಂದೇ ಒಂದು ರಿಪೋರ್ಟ್ ಇಲ್ಲ.

"ಅಣ್ಣಂದು?" ಅಂತ ಕೇಳಿದೆ. "ಅವಗೇನಾಗೈತಿ? ಗಟ್ಟಿಮುಟ್ಟ ಅದಾನಲ್ಲ" ಅಂತ ಅಡುಗೆ ಮನೆಯಿಂದ ಕಾಕು ಉತ್ತರ ಕೊಟ್ಟರು. ನನಗೆ ಸಂಕಟ, ಸಿಟ್ಟು ಎರಡೂ ಒಟ್ಟಿಗೆ ಬಂದವು.

ಮ್ಯಾಂಚೆಸ್ಟರಿನಲ್ಲಿ ನಾವಿಬ್ಬರು ಇದೇ ತೊಂದರೆಗೆ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲ ದಿನವೇ ಎರಡು ಚೀಟಿ ಬರೆದರು. ಒಂದು ನನ್ನ ರಕ್ತ ಪರೀಕ್ಷೆಗೆ, ಇನ್ನೊಂದು ಇವರ ವೀರ್ಯ ಪರೀಕ್ಷೆಗೆ. ತಪ್ಪು ಯಾರದು ಅನ್ನುವ ಮಾತೇ ಬರಲಿಲ್ಲ. ಎರಡರಿಂದ ಏಳು ದಿನ ಕೂಡದೆ ಇರಬೇಕು, ಮಾದರಿ ಒಂದು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ದಾರಿಯಲ್ಲಿ ತಣ್ಣಗಾಗಬಾರದು. ಕೊರೆಯುವ ಚಳಿಯಲ್ಲಿ ಇವರು ಆ ಡಬ್ಬಿಯನ್ನು ಜಾಕೆಟ್ಟಿನ ಒಳಜೇಬಿನಲ್ಲಿ, ಮೈಗೆ ಒತ್ತಿ ಇಟ್ಟುಕೊಂಡು ಟ್ರಾಮ್ ಹತ್ತಿದರು. ಇವರೂ ಸಿಂದಗಿ ಕಡೆಯವರೇ. ಊರಲ್ಲಿದ್ದಿದ್ದರೆ ಇವರನ್ನು ಯಾರೂ ಕಳಿಸುತ್ತಿರಲಿಲ್ಲ.

ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನ ಕಾರಣವೂ ಸೇರಿರುತ್ತದೆ. ಗಂಡನ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಹೆಂಡತಿಯ ನಳಿಕೆಯ ಎಕ್ಸ್‌ರೇ ಎಷ್ಟು ನೋಯುತ್ತದೆ ಅಂತ ಮಾಡಿಸಿಕೊಂಡವರನ್ನೇ ಕೇಳಬೇಕು. ಆದರೂ ನಮ್ಮಲ್ಲಿ ಅದೇ ಮೊದಲು! ಗಂಡನ ರಿಪೋರ್ಟಿನಲ್ಲಿ ವೀರ್ಯಾಣು ಕಡಿಮೆ ಬಂದರೆ ಆಕಾಶವೇನೂ ಬೀಳುವುದಿಲ್ಲ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಹಿಡಿಯುತ್ತದೆ. ಹಾಗಾಗಿ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ವೃಷಣದ ರಕ್ತನಾಳ ಊದಿಕೊಂಡಿದ್ದರೆ ಅದಕ್ಕೆ ಆಪರೇಷನ್ ಇದೆ. ಸ್ವಲ್ಪ ಕಡಿಮೆ ಇದ್ದರೆ ಐಯುಐ, ಅಂದರೆ ತೊಳೆದ ವೀರ್ಯಾಣುಗಳನ್ನು ನೇರ ಗರ್ಭಕೋಶಕ್ಕೆ ಬಿಡುವುದು. ತೀರಾ ಕಡಿಮೆ ಇದ್ದರೆ ಇಕ್ಸಿ, ಅಂದರೆ ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಬಿಡುವುದು. ಆ ವಿಧಾನದಲ್ಲಿ 1992ರಿಂದ ಮಕ್ಕಳು ಹುಟ್ಟುತ್ತಿದ್ದಾರೆ. ವೀರ್ಯದಲ್ಲಿ ಏನೂ ಸಿಗದಿದ್ದರೂ ಕೆಲವರಿಗೆ ವೃಷಣದಿಂದಲೇ ತೆಗೆಯಲು ಬರುತ್ತದೆ. ಇದೆಲ್ಲ ತೊಂದರೆ ಗೊತ್ತಾದ ಮೇಲಿನ ಮಾತು, ಅಲ್ವಾ? ಗೊತ್ತಾಗುವ ತನಕ ವೈನಿ ನುಂಗಿದ ಮಾತ್ರೆಯೆಲ್ಲ ಸುಮ್ನೆ ಹೋದಂತೆ.

ಮಾತ್ರೆ ಹೋಗಲಿ, ಮಾತು ಕೇಳಿಸಿಕೊಳ್ಳುವವರೂ ಅವರೇ. ಯಲ್ಲಮ್ಮನ ಹರಕೆ ಅವರದು, ಸೋಮವಾರದ ಉಪವಾಸ ಅವರದು. ನಾನಿದ್ದಾಗಲೇ ಮನೆಯಲ್ಲಿ ಒಂದು ಕುಬಸ, ಅಂದರೆ ಸೀಮಂತ, ಆಯಿತು. ಬೆಳಗಿನಿಂದ ಹೋಳಿಗೆ ಲಟ್ಟಿಸಿದ್ದು ವೈನಿ. ಉಡಿ ತುಂಬುವ ಹೊತ್ತಿಗೆ ಅವರನ್ನು ಯಾರೂ ಕರೆಯಲಿಲ್ಲ.

ಇಂಗ್ಲೆಂಡಿನಲ್ಲಿ ಎಲ್ಲ ಚೆನ್ನ ಅಂತಲ್ಲ. 40ರೊಳಗಿನ ಹೆಂಗಸರಿಗೆ ಸರ್ಕಾರದ ಖರ್ಚಿನಲ್ಲಿ ಮೂರು ಸಲ ಐವಿಎಫ್ (ಅಂಡ, ವೀರ್ಯಾಣು ಎರಡನ್ನೂ ಲ್ಯಾಬಿನಲ್ಲಿ ಕೂಡಿಸುವ ಚಿಕಿತ್ಸೆ) ಅಂತ ಮಾರ್ಗಸೂಚಿ ಹೇಳಿದರೂ ಎಷ್ಟು ಸಲ ಅನ್ನುವುದನ್ನು ಆಯಾ ಪ್ರದೇಶದ ಆಡಳಿತ ತೀರ್ಮಾನಿಸುತ್ತದೆ. ಬಹಳ ಕಡೆ ಸಿಗುವುದು ಒಂದೇ ಸಲ. ತೂಕ ಜಾಸ್ತಿ ಇದ್ದರೆ ಇಳಿಸಿಕೊಂಡು ಬಾ ಅನ್ನುತ್ತಾರೆ. ಸರದಿ ಬರಲು ತಿಂಗಳುಗಟ್ಟಲೆ ಕಾಯಬೇಕು, ವಯಸ್ಸು ಕಾಯುವುದಿಲ್ಲ. ವಿಜಯಪುರದಲ್ಲಿ ಬೆಳಗ್ಗೆ ಹೋದರೆ ಸಂಜೆಗೆ ರಿಪೋರ್ಟ್ ಕೈಯಲ್ಲಿ. ಇಂಜೆಕ್ಷನ್ ದಿನಗಳಲ್ಲಿ ಬಿಸಿ ರೊಟ್ಟಿ ಮಾಡಿಕೊಟ್ಟು ಪಕ್ಕದಲ್ಲಿ ಕೂರಲು ಅವ್ವ ಇರುತ್ತಾಳೆ. ನನಗೆ ಅಲ್ಲಿ ಅವ್ವ ಇದ್ದದ್ದು ಫೋನಿನಲ್ಲಿ ಮಾತ್ರ.

ನಮ್ಮ ಡಾಕ್ಟರುಗಳಿಗೆ ವಿದ್ಯೆ ಕಡಿಮೆ ಅಂತಲೂ ಅಲ್ಲ. ಮ್ಯಾಂಚೆಸ್ಟರಿನ ಪಕ್ಕದ ಓಲ್ಡಮ್‌ನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ್ದು 1978ರ ಜುಲೈನಲ್ಲಿ. ಅದೇ ಅಕ್ಟೋಬರಿನಲ್ಲಿ ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖರ್ಜಿ ಅದನ್ನೇ ಮಾಡಿ ತೋರಿಸಿದರು. ಇನ್ನೊಂದು ಮಾತು ಹೇಳಲೇಬೇಕು. ಸೋಲಾಪುರದ ಚೀಟಿಯ ಕೊನೆಯಲ್ಲಿ ಆ ಡಾಕ್ಟರು ಗಂಡನ ವೀರ್ಯ ಪರೀಕ್ಷೆ ಅಂತ ಬರೆದು ಕೆಳಗೆ ಗೆರೆಯನ್ನೂ ಎಳೆದಿದ್ದರು. ಅದಾದ ಮೇಲೆ ಮನೆಯವರು ಆಸ್ಪತ್ರೆಯನ್ನೇ ಬದಲಿ ಮಾಡಿದ್ದಾರೆ.

ಆದ್ದರಿಂದ ನಮ್ಮ ಕಡೆಯ ಡಾಕ್ಟರುಗಳಲ್ಲಿ ನನ್ನದೊಂದು ಬೇಡಿಕೆ. ಬರೀ ಬರೆದುಕೊಟ್ಟು ಬಿಡಬೇಡಿ. ಗಂಡನ ರಿಪೋರ್ಟ್ ಬರುವ ತನಕ ಹೆಂಡತಿಗೆ ಮುಂದಿನ ತಿಂಗಳ ಮಾತ್ರೆ ಬರೆಯುವುದಿಲ್ಲ ಅಂತ ಅತ್ತೆಯ ಎದುರಿಗೇ ಹೇಳಿ. ಸೊಸೆ ಹೇಳಿದರೆ ಅದು ಎದುರು ಮಾತಾಗುತ್ತದೆ. ನೀವು ಹೇಳಿದರೆ ಕೇಳುತ್ತಾರೆ.