ರೋಮಿಗೆ ಹೋದ ಗಂಟೆಗಳು

ಫ್ರಾನ್ಸಿನ ತುಲೂಸ್‌ನಲ್ಲಿ ನಮ್ಮ ಬೀದಿಯ ಚರ್ಚಿನ ಗಂಟೆ ನನ್ನ ಬೆಳಗಿನ ನಿದ್ದೆಗೆ ವರ್ಷವಿಡೀ ಶತ್ರು. ಗುಡ್ ಫ್ರೈಡೆ ದಿನ ಅದು ಬಾಯಿ ಬಿಡಲಿಲ್ಲ, ಆಫೀಸಿಗೆ ತಡವಾಯಿತು. ಏನಾಯಿತು ಅಂತ ವಿಚಾರಿಸಿದರೆ ಪಕ್ಕದ ಮನೆ ಅಜ್ಜಿ, "ರೋಮಿಗೆ ಹೋಗಿದೆ" ಎಂದರು. ಮುಖದಲ್ಲಿ ನಗುವಿನ ಸುಳಿವೂ ಇಲ್ಲ.

ಗುರುವಾರ ರಾತ್ರಿ ಫ್ರಾನ್ಸಿನ ಗಂಟೆಗಳೆಲ್ಲ ರೋಮಿಗೆ ಹಾರಿಹೋಗಿ, ಈಸ್ಟರ್‌ಗೆ ಮರಳುವಾಗ ತೋಟಗಳಲ್ಲಿ ಚಾಕೊಲೇಟ್ ಉದುರಿಸುತ್ತವಂತೆ. ಪ್ಯಾರಿಸ್ಸಿನ ನೋತ್ರದಾಮ್‌ನ ಇಮ್ಯಾನುಯೆಲ್ ಗಂಟೆಯೊಂದೇ ಸುಮಾರು 13 ಟನ್. ವಿಮಾನ ಕಟ್ಟುವ ಈ ಊರಿನಲ್ಲಿ ಯಾರಿಗೂ ಇದರ ಬಗ್ಗೆ ಅನುಮಾನವಿಲ್ಲ! ಆ ಕಡೆ ಜರ್ಮನಿ ಗಡಿಯ ಅಲ್ಸಾಸ್‌ನವರಿಗೆ ಈಸ್ಟರ್ ಮೊಟ್ಟೆ ತರುವುದು ಮೊಲ. ಅಲ್ಲಿ ಗುಡ್ ಫ್ರೈಡೆಗೆ ರಜೆಯೂ ಉಂಟು. ನಮ್ಮಲ್ಲಿ ಗಂಟೆಗೆ ರಜೆ, ನನಗಿಲ್ಲ.

 ಈಸ್ಟರ್ ಮೊಟ್ಟೆ ಅಂದಮೇಲೆ ಬೆಸ್ಸಿಯೇರ್‌ನ ಆಮ್ಲೆಟ್ ವಿಷಯವನ್ನೂ ಹೇಳಿಬಿಡುತ್ತೇನೆ.

ತುಲೂಸ್‌ಗೆ ಹತ್ತಿರದ ಊರು ಅದು. ನೆಪೋಲಿಯನ್ ಅಲ್ಲಿ ಆಮ್ಲೆಟ್ ತಿಂದು ಬಾಯಿ ಚಪ್ಪರಿಸಿ, ಮರುದಿನ ಊರಿನ ಮೊಟ್ಟೆಯನ್ನೆಲ್ಲ ಕೂಡಿಸಿ ಸೈನ್ಯಕ್ಕೂ ಮಾಡಿಕೊಡಿ ಅಂದನಂತೆ. ಕಥೆಯೇ ಇರಬೇಕು, ಊರವರನ್ನು ಯಾರು ಕೇಳಿದರು ಅನ್ನುವುದು ಕಥೆಯಲ್ಲಿಲ್ಲ. 1973ರಿಂದ ಈಸ್ಟರ್ ಸೋಮವಾರ ಅಲ್ಲಿ ಸುಮಾರು 15,000 ಮೊಟ್ಟೆಗಳ ಆಮ್ಲೆಟ್ ಆಗುತ್ತದೆ. ಬಾಣಲೆಯ ಅಗಲ 4 ಮೀಟರ್, ಕೆಳಗೆ ಸೌದೆ ಬೆಂಕಿ. ಮೊಟ್ಟೆಯನ್ನೆಲ್ಲ ಕೈಯಲ್ಲೇ ಒಡೆಯುತ್ತಾರೆ. ಉದ್ದದ ಮರದ ಸಟ್ಟುಗ ಹಿಡಿದು ಸುತ್ತಲೂ ನಿಂತವರು, ಹೊಗೆಗೆ ಕಣ್ಣು ಕಿರಿದಾಗಿಸಿಕೊಂಡು, ದೋಣಿ ನಡೆಸುವವರ ಹಾಗೆ ತೊಳಸುತ್ತಾರೆ. ಮಗುಚಿಹಾಕುವ ಪ್ರಶ್ನೆಯೇ ಇಲ್ಲ, ಹಾಗಾಗಿ ನನ್ನ ಪ್ರಕಾರ ಅದು ಆಮ್ಲೆಟ್ಟೇ ಅಲ್ಲ, ಬುರ್ಜಿ. ಅಲ್ಲಿ ಅದನ್ನು ಹೇಳುವ ಧೈರ್ಯ ಬೇಕಲ್ಲ! ಅದಕ್ಕೊಂದು ಸಂಘವಿದೆ, ಸಂಘದವರಿಗೆ 'ದೈತ್ಯ ಆಮ್ಲೆಟ್‌ನ ವೀರಯೋಧರು' ಅನ್ನುವ ಬಿರುದಿದೆ. ತಲೆಯ ಮೇಲೆ ಬಾಣಸಿಗರ ಟೊಪ್ಪಿ.

ಹಂಚಿಕೆ ಪುಕ್ಕಟೆ. ಆದ್ದರಿಂದಲೇ ಸಾಲು ಎಂಬುದು ಹೆಸರಿಗಷ್ಟೆ. ಹಿಂದಿದ್ದ ದೊಡ್ಡ ಮನುಷ್ಯನೊಬ್ಬ ಮೊಣಕೈಯಲ್ಲೇ ನನ್ನನ್ನು ಪಕ್ಕಕ್ಕೆ ಸರಿಸಿ ಎರಡು ತಟ್ಟೆ ಹೊಡೆದ. ಕೊನೆಗೆ ನನ್ನ ಸರದಿ ಬಂತು.

"ನಾನು ಮಾಂಸ ತಿನ್ನೋದಿಲ್ಲ. ಇದನ್ನು ಯಾವುದರಲ್ಲಿ ಬೇಯಿಸಿದ್ದು?"

"ಬಾತುಕೋಳಿ ಕೊಬ್ಬಿನಲ್ಲಿ."

"ಅದು ಮಾಂಸವಲ್ಲವೇ?"

ಟೊಪ್ಪಿಯವನು ನನ್ನ ಕಡೆ ಅನುಕಂಪದಿಂದ ನೋಡಿ, "ಅಲ್ಲ, ಅದು ನಮ್ಮ ಎಣ್ಣೆ" ಎಂದು ಇನ್ನೊಂದು ಸಟ್ಟುಗ ಹೆಚ್ಚೇ ಬಡಿಸಿದ.